ನೀರಿಳಿಸುವ ಮಾತ್ರೆಯೂ ನಿಂತ ಬಸ್ಸೂ

ನಮ್ಮ ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಹೊರಡಬೇಕು ಎಂದು ತೀರ್ಮಾನಿಸುವುದು ಮಾವನವರ ಫ್ಯೂರೋಸೆಮೈಡ್, ಮೈಯ ನೀರನ್ನು ಮೂತ್ರವಾಗಿ ಇಳಿಸುವ ಮಾತ್ರೆ. ಹೃದಯ ಸೋತು ಕಾಲು ಊದಿಕೊಂಡಾಗ ಡಾಕ್ಟರು ಬರೆದುಕೊಟ್ಟದ್ದು. ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರು, ಸುಮಾರು 6 ಗಂಟೆ ಅದರದೇ ದರ್ಬಾರು.

ಕಿಡ್ನಿ ಮಹಾ ಜಿಪುಣ. ದಿನಕ್ಕೆ ಸುಮಾರು 180 ಲೀಟರ್ ಸೋಸಿದರೂ ಹೊರಗೆ ಬಿಡುವುದು ಒಂದೆರಡು ಲೀಟರ್ ಮಾತ್ರ, ಮಿಕ್ಕಿದ್ದೆಲ್ಲ ವಾಪಸ್ ಒಳಕ್ಕೆ. ಸೋಡಿಯಂ ಹೋದ ಕಡೆ ನೀರೂ ಹೋಗುತ್ತದೆ. ಈ ಮಾತ್ರೆಗಳಲ್ಲಿ ಹೆಚ್ಚಿನವು ಆ ಸೋಡಿಯಂ ಮರಳಿ ಬರದಂತೆ ಅಡ್ಡ ನಿಲ್ಲುತ್ತವೆ, ಅಷ್ಟೆ. ಫ್ಯೂರೋಸೆಮೈಡ್ ನಿಲ್ಲುವುದು ಕಿಡ್ನಿಯ ಸಣ್ಣ ನಾಳದ ಹೆನ್ಲೆ ಲೂಪ್ ಎಂಬ ತಿರುವಿನಲ್ಲಿ. ಸೋಸಿದ ಸೋಡಿಯಂನಲ್ಲಿ ಕಾಲುಭಾಗ ವಾಪಸಾಗುವ ಜಾಗ ಅದು. ಅಲ್ಲಿ ಬಾಗಿಲು ಹಾಕಿದರೆ ಏನಾಗುತ್ತದೆಂದು ಒಂದಿಡೀ ಬಸ್ಸು ನೋಡಿದೆ.

"ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ತಗೋಬೇಕು ಅಂದಿದ್ದಾರೆ" ಎಂದು ಮಾವ ಬಸ್ಸು ಹತ್ತುವ ಮುಂಚೆ ನುಂಗಿಯೇಬಿಟ್ಟರು. ಮೊದಲ ಸಲ ಬಸ್ಸು ನಿಂತಾಗ ಎಲ್ಲರೂ ಮರುಗಿದರು. ಎರಡನೆಯ ಸಲ ಗೊಣಗಿದರು. ಆಮೇಲೆ ಕಂಡಕ್ಟರ್, "ಏನ್ ಯಜಮಾನ್ರೆ, ಮತ್ತೆ ಬಂತಾ?" ಎಂದ.

"ಮತ್ತೆ ಅಲ್ಲಪ್ಪಾ, ಮುಂದುವರಿದ ಭಾಗ" ಎಂದು ಮಾವ ಇಳಿದರು.

ಪ್ರಯಾಣದ ದಿನ ಊರು ಮುಟ್ಟಿದ ಮೇಲೆ ತೆಗೆದುಕೊಳ್ಳಬಹುದು ಎಂದು ಡಾಕ್ಟರು ಆಮೇಲೆ ಹೇಳಿದರು. ಆದರೆ ಸಂಜೆಯ ಮೇಲೆ ಮಾತ್ರ ಬೇಡವಂತೆ. ಯಾಕೆಂದು ನಾವ್ಯಾರೂ ಕೇಳಲಿಲ್ಲ.

ಅತ್ತೆಯವರದು ಬಿಪಿಗೆ ಕೊಟ್ಟ ಕ್ಲೋರ್‌ಥ್ಯಾಲಿಡೋನ್, ಥಯಾಜೈಡ್ ಜಾತಿಯದು. ಅಡ್ಡ ನಿಲ್ಲುವ ಜಾಗ ಇನ್ನೂ ಮುಂದಿನದು, ಅಷ್ಟರಲ್ಲಿ ಸೋಡಿಯಂ ಬಹಳಷ್ಟು ಮರಳಿರುತ್ತದೆ. ಆದ್ದರಿಂದ ಗಲಾಟೆ ಕಮ್ಮಿ, ಪ್ರಭಾವ ಮಾತ್ರ ದಿನ ದಾಟಿ ಉಳಿಯುತ್ತದೆ. "ನಂದು ಮರ್ಯಾದಸ್ಥ ಮಾತ್ರೆ" ಎಂದು ಬೀಗುತ್ತಿದ್ದರು. ಒಂದು ರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದರೂ ಚೀರುವಂತಾಯಿತು. ಆ ಮಾತ್ರೆಯಿಂದ ರಕ್ತದಲ್ಲಿ ಯೂರಿಕ್ ಆಮ್ಲ ಏರಿ ಗೌಟ್ ಎಂಬ ಕೀಲುಬೇನೆ. ಮರ್ಯಾದಸ್ಥರೂ ಇಂಥದ್ದು ಮಾಡುತ್ತಾರೆ. ಡಾಕ್ಟರು ಮಾತ್ರೆ ಬದಲಿಸಿದರು.

ಫ್ಯೂರೋಸೆಮೈಡ್ ನೀರಿನ ಜೊತೆ ಪೊಟ್ಯಾಸಿಯಂ ಅನ್ನೂ ಹೊರದಬ್ಬುತ್ತದೆ. ಅದನ್ನು ಉಳಿಸುವ, ಹೃದಯಕ್ಕೂ ಒಳ್ಳೆಯದಾದ ಸ್ಪೈರೊನೊಲ್ಯಾಕ್ಟೋನ್ ಮಾವನವರಿಗೆ ಸೇರಿತು. ಇದಕ್ಕೆ ಅವಸರವಿಲ್ಲ, ಪೂರ್ತಿ ಹಿಡಿತಕ್ಕೆ ಬರಲು ದಿನಗಳೇ ಬೇಕು. ಪೊಟ್ಯಾಸಿಯಂ ಮಿತಿ ಮೀರದಂತೆ ಆಗಾಗ ರಕ್ತಪರೀಕ್ಷೆಯೂ ಉಂಟು. ಇನ್ನೊಂದು ವಿಷಯವನ್ನು ಮಾವ ಬಾಗಿಲು ಮುಚ್ಚಿಸಿ, ಅಂಗಿಯ ಗುಂಡಿ ಬಿಚ್ಚಿ ಡಾಕ್ಟರಿಗೆ ತೋರಿಸಿದರು:

"ಕಾಲಿನ ಬಾವು ಇಳೀತು ಡಾಕ್ಟ್ರೇ, ಆದ್ರೆ ಎದೆಗೆ ವರ್ಗಾವಣೆ ಆಗಿದೆ ನೋಡಿ."

ಸ್ಪೈರೊನೊಲ್ಯಾಕ್ಟೋನ್‌ನಿಂದ ಗಂಡಸರಲ್ಲಿ ಕೆಲವರಿಗೆ ಹೀಗಾಗುವುದುಂಟು ಎಂದು ಡಾಕ್ಟರು ನಗು ತಡೆದುಕೊಂಡು ಅದರ ಬದಲು ಅದೇ ಜಾತಿಯ ಎಪ್ಲೆರಿನೋನ್ ಬರೆದರು. ಹೊರಗೆ ಕೂತಿದ್ದ ಅತ್ತೆ ತಡೆದುಕೊಳ್ಳಲಿಲ್ಲ.