‘ಬೇಡಪ್ಪ’ ಅನ್ನೋಕೆ ಅಮ್ಮನಿಗೆ ಯಾಕೆ ಇಷ್ಟು ಕಷ್ಟ?

ಕಳೆದ ಸಲ ಮೈಸೂರಿಗೆ ಹೋದಾಗ ಅಮ್ಮನ ಅಡುಗೆಮನೆಯಲ್ಲಿ ಉಪ್ಪಿನ ಭರಣಿ ಎತ್ತಿದೆ. ಕೆಳಗೆ ನಾಲ್ಕು ಮಡಿಕೆ ಮಾಡಿಟ್ಟ ಒಂದು ರಸೀದಿ ಸಿಕ್ಕಿತು. ವಾಟರ್ ಪ್ಯೂರಿಫೈಯರ್‌ಗೆ ಅಡ್ವಾನ್ಸ್ 2,500 ರೂಪಾಯಿ. ಉಳಿದ 14,000 ಮೆಷಿನ್ ತಂದು ಕೂರಿಸುವ ದಿನ ಕೊಡಬೇಕು.

ಅಮ್ಮನ ಮನೆಯಲ್ಲಿ ಆಗಲೇ ಒಂದು ಫಿಲ್ಟರ್ ಇದೆ. ಅದಕ್ಕೇನೂ ಆಗಿಲ್ಲ. “ಮತ್ತೆ ಇದ್ಯಾಕಮ್ಮ?” ಅಂದೆ.

“ಆ ಹುಡುಗ ಒಂದು ಗಂಟೆ ಕೂತು ಎಲ್ಲಾ ತೋರಿಸ್ದ ಕಣೇ. ಉರಿ ಬಿಸಿಲಲ್ಲಿ ಬಂದಿದ್ದ. ಅಷ್ಟೆಲ್ಲಾ ಆದ್ಮೇಲೆ ಬೇಡ ಅಂತ ಹೇಗೆ ಹೇಳ್ಲಿ?”

ಅಮ್ಮನಿಗೆ 72 ವರ್ಷ. ಮನೆಯ ಲೆಕ್ಕ ಒಂದು ರೂಪಾಯಿ ತಪ್ಪದ ಹಾಗೆ ಬರೆದಿಡುವವಳು. ಮಾರ್ಕೆಟ್‌ನಲ್ಲಿ ಹುರುಳಿಕಾಯಿ ಮುರಿದು ನೋಡದೆ ಕೊಳ್ಳುವವಳಲ್ಲ. ಅಂಥವಳು ಬೇಡದ ವಸ್ತುವಿಗೆ ದುಡ್ಡು ಕೊಟ್ಟಿದ್ದು ಮೋಸ ಗೊತ್ತಾಗದೆ ಅಲ್ಲ. ಮನೆಗೆ ಬಂದವರಿಗೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ, ಅಷ್ಟೇ. ಇದನ್ನೇ ಇವತ್ತು ಬರೆಯಬೇಕು ಅನ್ನಿಸಿತು. ಯಾಕಂದ್ರೆ ಇದು ನಮ್ಮಮ್ಮ ಒಬ್ಬಳ ಕಥೆ ಅಲ್ಲ. ನಿಮ್ಮ ಮನೆಯಲ್ಲೂ ಸ್ಟೋರ್ ರೂಮಿನ ಅಟ್ಟದ ಮೇಲೆ ಹೀಗೆ ಬಂದ ಒಂದು ಮಸಾಜರ್ರೋ, ಒಂದು ವ್ಯಾಕ್ಯೂಮ್ ಕ್ಲೀನರ್ರೋ ಇರುತ್ತೆ.

ರಸೀದಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಆರ್ಡರ್ ಕ್ಯಾನ್ಸಲ್ ಮಾಡಿ ಅಂದೆ. “ಒಂದ್ಸಲ ನೀವೂ ಡೆಮೋ ನೋಡಿ ಮೇಡಂ, ಆಮೇಲೆ ಹೇಳಿ” ಅಂದರು. ಶನಿವಾರ ಅದೇ ಹುಡುಗ ಬಂದ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ಹಾವೇರಿ ಕಡೆಯವನು. ಬೆನ್ನ ಮೇಲೆ ದೊಡ್ಡ ಬ್ಯಾಗು, ಶರ್ಟಿನ ಕಾಲರು ಬೆವರಿಗೆ ಒದ್ದೆ. ಬರುತ್ತಲೇ “ಆರಾಮಿದೀರೇನ್ರೀ ಅಮ್ಮಾ?” ಅಂದ. ಅಮ್ಮ ಆಗಲೇ ಮಜ್ಜಿಗೆ ತರೋಕೆ ಒಳಗೆ ಹೊರಟಿದ್ದಳು.

ಎರಡು ಗಾಜಿನ ಲೋಟ ಕೇಳಿದ. ಒಂದಕ್ಕೆ ನಮ್ಮ ನಲ್ಲಿ ನೀರು ತುಂಬಿದ. ಇನ್ನೊಂದಕ್ಕೆ ತನ್ನ ಬಾಟಲಿಯಿಂದ ಅವರ ಮೆಷಿನ್ನಿನ ನೀರು ಹಾಕಿದ. ಬ್ಯಾಗಿನಿಂದ ನಾಲ್ಕು ಲೋಹದ ಕಡ್ಡಿ ಇರುವ ಒಂದು ಪೆಟ್ಟಿಗೆ ತೆಗೆದು, ಕಡ್ಡಿಗಳನ್ನು ಎರಡೆರಡಾಗಿ ಲೋಟಗಳಲ್ಲಿ ಅದ್ದಿ ಪ್ಲಗ್ಗಿಗೆ ಹಾಕಿದ. ಸ್ವಲ್ಪ ಹೊತ್ತಿಗೆ ನಲ್ಲಿ ನೀರಿನಲ್ಲಿ ಸಣ್ಣ ಗುಳ್ಳೆ ಎದ್ದವು. ಆಮೇಲೆ ಹಸಿರು ಮಿಶ್ರಿತ ಕಂದು ಬಣ್ಣ. ನೋಡನೋಡುತ್ತಾ ತುಕ್ಕಿನ ಕೊಳೆಯಂಥದ್ದು ಮೇಲೆ ತೇಲಿತು. ಪಕ್ಕದ ಲೋಟ ತಿಳಿಯಾಗಿಯೇ ಇತ್ತು. “ಇಷ್ಟು ವರ್ಷ ನೀವು ಕುಡಿದಿದ್ದು ಇದನ್ನೇರೀ ಅಮ್ಮಾ” ಅಂದ. ಅಮ್ಮನ ಮುಖ ನೋಡಬೇಕಿತ್ತು. ಅಪ್ಪ ಕಿಡ್ನಿ ಕಾಯಿಲೆಯಲ್ಲಿ ಹೋದವರು. ಆ ಲೋಟ ನೋಡಿ ಅವಳಿಗೆ ಏನೇನು ನೆನಪಾಯಿತೋ.

ಈ ಪೆಟ್ಟಿಗೆಯ ವಿಷಯ ನನಗೆ ಮೊದಲೇ ಗೊತ್ತಿತ್ತು. ಎಲೆಕ್ಟ್ರೋಲೈಸರ್ ಅಂತಾರೆ. ಅದರ ಕಡ್ಡಿಗಳಲ್ಲಿ ಕಬ್ಬಿಣ ಇರುತ್ತೆ. ನಮ್ಮ ನಲ್ಲಿ ನೀರಿನಲ್ಲಿ ಸಹಜವಾಗಿ ಲವಣಾಂಶ ಇರೋದರಿಂದ ಕರೆಂಟ್ ಹರಿಯುತ್ತೆ. ಹರಿದಾಗ ಕಬ್ಬಿಣದ ಕಡ್ಡಿಯೇ ಕರಗಿ ತುಕ್ಕಾಗಿ ನೀರಿಗೆ ಬಿಡುತ್ತೆ. ಆ ಕೊಳೆ ನೀರಿನದ್ದಲ್ಲ, ಕಡ್ಡಿಯದ್ದು. ಅವರ ಮೆಷಿನ್ ಆರ್‌ಓ, ಅಂದರೆ ನೀರಿನ ಲವಣವನ್ನೂ ಸೋಸಿ ತೆಗೆಯುವಂಥದ್ದು. ಆ ನೀರಿನಲ್ಲಿ ಲವಣ ಬಹಳ ಕಡಿಮೆ. ಕರೆಂಟ್ ಸರಿಯಾಗಿ ಹರಿಯಲ್ಲ, ಹಾಗಾಗಿ ಬಣ್ಣವೂ ಬದಲಾಗಲ್ಲ.

ಅದೇ ಭರಣಿಯಿಂದ ಒಂದು ಚಿಟಿಕೆ ಉಪ್ಪು ತಂದು ಅವನ ‘ಶುದ್ಧ’ ನೀರಿನ ಲೋಟಕ್ಕೆ ಹಾಕಿದೆ. “ಈಗ ಇನ್ನೊಂದ್ಸಲ ಸ್ವಿಚ್ ಹಾಕಪ್ಪ” ಅಂದೆ. ಹಾಕಿದ. ಆ ನೀರೂ ಕೆಟ್ಟ ಕಂದು ಬಣ್ಣಕ್ಕೆ ತಿರುಗಿತು. ನಲ್ಲಿ ನೀರಿಗಿಂತ ಜಾಸ್ತಿಯೇ.

ಆ ಹುಡುಗ ಸುಮ್ಮನೆ ಲೋಟವನ್ನೇ ನೋಡುತ್ತಾ ನಿಂತ. “ಟ್ರೇನಿಂಗ್‌ನಾಗ ನಮಗ ಹಿಂಗ ತೋರಿಸ್ಯಾರ್ರೀ ಮೇಡಂ. ಇದು ಹೊಲಸು ಅಂತಾನ ಹೇಳ್ಯಾರ್ರೀ” ಅಂದ. ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಅನ್ನಿಸಲಿಲ್ಲ. ಅವನಿಗೂ ಯಾರೋ ಅದೇ ಭಯ ತುಂಬಿ ಕಳಿಸಿದ್ದಾರೆ. ದಿನಕ್ಕೆ ಇಷ್ಟು ಮನೆ, ತಿಂಗಳಿಗೆ ಇಷ್ಟು ಬುಕಿಂಗ್. ಆಗದಿದ್ದರೆ ಸಂಬಳದಲ್ಲಿ ಕಟ್. ಅವನಿಗೆ ಬೈಯೋಕೆ ನನಗೆ ಮನಸ್ಸು ಬರಲಿಲ್ಲ. ಅವನಿಗೆ ಆ ಪೆಟ್ಟಿಗೆ ಕೊಟ್ಟು ಒಂಟಿ ಮುದುಕಿಯರ ಮನೆಗೆ ಕಳಿಸುವವರ ಮೇಲೆ ಮಾತ್ರ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಅವನ ಹತ್ತಿರ ಪೆನ್ನಿನಂಥ ಟಿಡಿಎಸ್ ಮೀಟರೂ ಇತ್ತು. ನಮ್ಮ ನೀರು 180 ತೋರಿಸಿತು. ಅದನ್ನೂ ಹೆದರಿಸೋಕೆ ಬಳಸುತ್ತಾರೆ. ಕುಡಿಯುವ ನೀರಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋ, ಹೇಳಿರುವ ಮಿತಿ ಲೀಟರಿಗೆ 500 ಮಿಲಿಗ್ರಾಂ. ಬೇರೆ ನೀರೇ ಸಿಗದ ಕಡೆ 2,000ದವರೆಗೂ ಬಿಟ್ಟಿದ್ದಾರೆ. ಆ ಮೀಟರು ನೀರಿನಲ್ಲಿ ಕರಗಿರುವ ಲವಣ ಎಷ್ಟು ಅಂತ ತೋರಿಸುತ್ತೆ, ಅಷ್ಟೇ. ರೋಗಾಣು ಇದ್ದರೂ ಅದಕ್ಕೆ ಗೊತ್ತಾಗಲ್ಲ. ಫಿಲ್ಟರೇ ಬೇಡ ಅಂತ ನಾನು ಹೇಳುತ್ತಿಲ್ಲ. ಕೋಲಾರ, ಪಾವಗಡದ ಕಡೆ ಫ್ಲೋರೈಡ್ ಇರುವ ಬೋರ್‌ವೆಲ್ ನೀರು ಕುಡಿಯುವವರ ಕಷ್ಟವೇ ಬೇರೆ. ಆದರೆ ಅದನ್ನು ನೀರು ಟೆಸ್ಟ್ ಮಾಡಿಸಿ, ನಾಲ್ಕು ಅಂಗಡಿ ವಿಚಾರಿಸಿ ತಗೋಬೇಕು. ಸೋಫಾ ಮೇಲೆ ಕೂತವನು ಹೆದರಿಸಿದ ಅಂತ ಅಲ್ಲ.

ಅಮ್ಮನ ಹತ್ತಿರ ಆಮೇಲೆ ಕೂತು ಮಾತಾಡಿದೆ. “ಮುಂಚೆನೂ ಮನೆ ಬಾಗಿಲಿಗೆ ಬಂದು ಮಾರೋರು ಇದ್ರಲ್ಲ, ಆಗೇನೂ ಹೀಗಾಗ್ತಿರ್ಲಿಲ್ಲ” ಅಂದಳು. ನಿಜ. ಬಳೆಗಾರರು ಬರುತ್ತಿದ್ದರು. ಸೀರೆ ಗಂಟು ಹೊತ್ತವರು ಬಂದು ಜಗುಲಿ ಮೇಲೆ ಬಿಚ್ಚಿ ಹರಡುತ್ತಿದ್ದರು. ಹಳೇ ಜರಿ ಸೀರೆಗೆ ಸ್ಟೀಲ್ ಪಾತ್ರೆ ಕೊಡುವವಳ ಹತ್ತಿರ ಇಡೀ ಬೀದಿಯ ಹೆಂಗಸರು ಅರ್ಧ ದಿನ ಚೌಕಾಸಿ ಮಾಡುತ್ತಿದ್ದರು. ಇವತ್ತಿಗೂ ಬೆಳಿಗ್ಗೆ ಸೊಪ್ಪಿನವಳು ಬರುತ್ತಾಳೆ. ಅವಳ ಹತ್ತಿರ “ಇವತ್ತು ಬೇಡಮ್ಮ” ಅನ್ನೋಕೆ ಅಮ್ಮನಿಗೆ ಯಾವ ಸಂಕೋಚವೂ ಇಲ್ಲ. ಅವಳಿಗೂ ಬೇಜಾರಿಲ್ಲ. ಯಾಕಂದ್ರೆ ಅವಳು ನಾಳೆನೂ ಇದೇ ಬೀದಿಗೆ ಬರಬೇಕು. ಕೊಳೆತ ಮೆಂತ್ಯ ಕೊಟ್ಟರೆ ನಾಳೆ ಗೇಟಲ್ಲೇ ಕೇಳುತ್ತಾರೆ ಅಂತ ಗೊತ್ತು. ಈ ಬ್ಯಾಗಿನವರು ಮತ್ತೆ ಬರುವವರಲ್ಲ. ಅವರಿಗೆ ಸಿಗೋದು ಒಂದೇ ಸಲ, ಅರ್ಧ ಗಂಟೆ. ಅಷ್ಟರಲ್ಲಿ ಸಹಿ ಬೀಳಬೇಕು. ಅದಕ್ಕೇ ಆ ಆತುರ. “ಈ ಆಫರ್ ಇವತ್ತೊಂದೇ ದಿನ”, “ಪಕ್ಕದ ಮನೆ ಆಂಟಿನೂ ತಗೊಂಡ್ರು”, “ದುಡ್ಡು ಆಮೇಲೆ ಕೊಡಿ, ಈಗ ಸೈನ್ ಮಾಡಿ ಸಾಕು”. ನೀವೂ ಕೇಳಿರುತ್ತೀರಿ.

ಇನ್ನೊಂದು ಗಮನಿಸಿದೆ. ಇವರು ಮೊದಲು ಮಾರೋಕೆ ಬಂದಿದ್ದೀವಿ ಅನ್ನೋದೇ ಇಲ್ಲ. ಸರ್ವೆ ಅಂತಾರೆ. ಲಕ್ಕಿ ಡ್ರಾ ಅಂತಾರೆ. ಕುಡಿಯೋಕೆ ನೀರು ಕೇಳುತ್ತಾರೆ. ನೀರು ಕೇಳಿದವರಿಗೆ ಇಲ್ಲ ಅನ್ನಬಾರದು ಅಂತ ಬೆಳೆದವರು ನಾವು. ಚಿಲಕ ತೆಗೆದ ಕೂಡಲೇ ಬ್ಯಾಗು ಒಳಗಿರುತ್ತೆ. ಆಮೇಲೆ ‘ಬೇಡ’ ಅನ್ನೋದು ಒಂದೊಂದು ನಿಮಿಷಕ್ಕೂ ಕಷ್ಟವಾಗುತ್ತಾ ಹೋಗುತ್ತೆ.

ಗ್ಯಾಸ್ ಚೆಕಿಂಗ್ ಅಂತ ಬರುವವರದ್ದು ಇನ್ನೊಂದು ಕಾಟ. ಕೊರಳಲ್ಲಿ ಒಂದು ಕಾರ್ಡು, ಕೈಯಲ್ಲಿ ರಿಜಿಸ್ಟರ್. “ಕಂಪಲ್ಸರಿ ಮೇಡಂ, ಪೈಪ್ ಎಕ್ಸ್‌ಪೈರ್ ಆಗಿದೆ” ಅಂದು ಪೈಪು, ರೆಗ್ಯುಲೇಟರು ಎಲ್ಲಾ ಬದಲಾಯಿಸಿ ಬಿಲ್ ಕೊಡುತ್ತಾರೆ. ಏಜೆನ್ಸಿಯಿಂದ ನಿಜವಾಗಿಯೂ ತಪಾಸಣೆಗೆ ಬರುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಬಾಗಿಲಲ್ಲಿ ನಿಂತವನು ಅವನೇನಾ ಅಂತ ತಿಳಿಯೋಕೆ ಒಂದೇ ದಾರಿ. ಗ್ಯಾಸ್ ಪುಸ್ತಕದಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ಅವನು ಕೊಡುವ ನಂಬರಿಗಲ್ಲ. ಗ್ಯಾಸ್ ಸೋರುವ ವಾಸನೆ ಬಂದರೆ 1906 ಇದೆ, ಯಾವ ಹೊತ್ತಿಗೂ ಮಾಡಬಹುದು.

ಚಿನ್ನ ಪಾಲಿಶ್ ಮಾಡಿಕೊಡುತ್ತೀವಿ ಅನ್ನುವವರನ್ನಂತೂ ಗೇಟಿನ ಒಳಗೇ ಬಿಡಬೇಡಿ. ಇದು ಒತ್ತಾಯದ ವ್ಯಾಪಾರ ಅಲ್ಲ, ಸೀದಾ ಕಳ್ಳತನ. ಮೊದಲು ನಿಮ್ಮ ಹಿತ್ತಾಳೆ ದೀಪ, ತಾಮ್ರದ ಚೊಂಬು ಕೇಳಿ ಫಳಫಳ ಹೊಳೆಸಿ ಕೊಡುತ್ತಾರೆ. ಆಮೇಲೆ ಬೆಳ್ಳಿ ಕಾಲುಂಗುರ. ನಂಬಿಕೆ ಬಂದ ಮೇಲೆ ಮಾಂಗಲ್ಯದ ಸರ. ಅದನ್ನು ಅದ್ದುವ ದ್ರಾವಣದಲ್ಲಿ ನೈಟ್ರಿಕ್ ಆಸಿಡ್ಡು, ಹೈಡ್ರೋಕ್ಲೋರಿಕ್ ಆಸಿಡ್ಡು ಎರಡೂ ಬೆರೆತಿರುತ್ತೆ. ಆ ಎರಡೂ ಸೇರಿದರೆ ಚಿನ್ನ ಕರಗುತ್ತೆ. ಸರ ನೋಡೋಕೆ ಹಾಗೇ ಇರುತ್ತೆ, ತೂಕ ಇಳಿದಿರುತ್ತೆ. ಕರಗಿದ ಚಿನ್ನ ಅವರ ಡಬ್ಬಿಯಲ್ಲಿ ಹೋಗುತ್ತೆ. ಅರಿಶಿನದಲ್ಲಿ ಮುಚ್ಚಿಟ್ಟು “ಅರ್ಧ ಗಂಟೆ ತೆಗೀಬೇಡಿ” ಅಂತ ಹೇಳೋದು ಬೀದಿ ದಾಟಿ ಹೋಗೋಕೆ ಸಮಯ ಬೇಕು ಅಂತ.

ಕಾನೂನು ಏನನ್ನುತ್ತೆ ಅಂತಲೂ ಹುಡುಕಿದೆ. ಏಜೆಂಟರ ಜಾಲ ಕಟ್ಟಿಕೊಂಡು ಅಂಗಡಿ ಇಲ್ಲದೆ ಮಾರುವ ಕಂಪನಿಗಳಿಗೆ 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ನೇರ ಮಾರಾಟದ ನಿಯಮ ತಂದಿದೆ. ಗುರುತಿನ ಚೀಟಿ ಇಲ್ಲದೆ, ಮೊದಲೇ ಸಮಯ ಕೇಳದೆ ಅಥವಾ ನಮ್ಮ ಒಪ್ಪಿಗೆ ಇಲ್ಲದೆ ಅವರ ಮಾರಾಟಗಾರರು ಗ್ರಾಹಕರ ಮನೆಗೆ ಬರುವ ಹಾಗಿಲ್ಲ. ತಾನು ಯಾರು, ಯಾವ ಕಂಪನಿ, ಯಾಕೆ ಬಂದಿದ್ದೀನಿ ಅಂತ ಮಾತು ಶುರು ಮಾಡುವಾಗಲೇ ಹೇಳಬೇಕು. ಇದನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ನಾವು ಸಂಕೋಚ ಪಡುತ್ತಾ ಬೇಡಿಕೊಳ್ಳುವ ಹಾಗೆ ‘ಬೇಡ’ ಅನ್ನುತ್ತಿದ್ದೀವಿ. ಕೇಳಿ ಬರಬೇಕಾದವರು ಅವರು! ಅಮೆರಿಕದಲ್ಲಿ ಮನೆ ಬಾಗಿಲಲ್ಲಿ ಮಾಡಿದ ಇಂಥ ವ್ಯಾಪಾರವನ್ನು 3 ಕೆಲಸದ ದಿನಗಳೊಳಗೆ ರದ್ದು ಮಾಡುವ ಹಕ್ಕು ಎಪ್ಪತ್ತರ ದಶಕದಿಂದಲೇ ಇದೆ. ಅಂಥದ್ದು ನಮ್ಮಲ್ಲಿ ಎಲ್ಲಾ ಥರದ ಬಾಗಿಲ ಮಾರಾಟಕ್ಕೂ ಬರಬೇಕು. ಆ ಮೂರು ದಿನ ಇದ್ದಿದ್ದರೆ ಅಮ್ಮ ರಸೀದಿಯನ್ನು ಉಪ್ಪಿನ ಭರಣಿ ಕೆಳಗೆ ಬಚ್ಚಿಡುತ್ತಿರಲಿಲ್ಲ.

ಅಮ್ಮನ ಅಡ್ವಾನ್ಸ್ ವಾಪಸ್ ಬರೋಕೆ ಐದು ವಾರ ಹಿಡಿಯಿತು. ಮೂರು ಸಲ ಫೋನ್ ಮಾಡಿದಾಗಲೂ “ನೋಡ್ತೀವಿ” ಅಂದರು. ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಕನ್ನಡದಲ್ಲೇ ಮಾತಾಡಿದೆ. ರಸೀದಿ ಇದ್ದಿದ್ದು ಒಳ್ಳೇದಾಯಿತು. ದುಡ್ಡು ಬಂತು.

ದುಡ್ಡಿಗಿಂತ ನನ್ನನ್ನು ಜಾಸ್ತಿ ಕಾಡಿದ್ದು ಅಮ್ಮನ ಆ ಮಾತು. ಬೇಡ ಅಂತ ಹೇಗೆ ಹೇಳ್ಲಿ? ಅವಳಿಗೆ ನಾನು ಹೇಳಿದ್ದು ಇಷ್ಟು. “ನೀನು ಗೇಟಲ್ಲೇ ಬೇಡ ಅಂದ್ರೆ ಆ ಹುಡುಗನ ಒಂದು ಗಂಟೆ ಉಳಿಯುತ್ತಮ್ಮ. ಅವನು ಇನ್ನು ನಾಲ್ಕು ಮನೆಗೆ ಹೋಗಬಹುದು. ಒಳಗೆ ಕೂರಿಸಿ, ಆಸೆ ಹುಟ್ಟಿಸಿ, ಆಮೇಲೆ ಮಗಳ ಕೈಲಿ ಕ್ಯಾನ್ಸಲ್ ಮಾಡಿಸಿದ್ರೆ ಅವನಿಗೇ ಅಲ್ವಾ ಜಾಸ್ತಿ ನೋವು?” ಅಮ್ಮ ಏನೂ ಹೇಳಲಿಲ್ಲ. ಆದರೆ ಈ ಮಾತು ಅವಳಿಗೆ ತಾಗಿತು ಅನ್ನಿಸಿತು. ಹೆದರಿಸಿದ್ದರೆ ತಾಗುತ್ತಿರಲಿಲ್ಲ.

ಕಾರಣ ಹೇಳೋಕೆ ಹೋಗಬೇಡ ಅಂತಲೂ ಹೇಳಿದೆ. “ನಮ್ಮ ಹತ್ರ ಇದೆ” ಅಂದರೆ ಎಕ್ಸ್‌ಚೇಂಜ್ ಅಂತಾರೆ. “ದುಡ್ಡಿಲ್ಲ” ಅಂದರೆ ಕಂತು ಅಂತಾರೆ. “ಮಗಳನ್ನ ಕೇಳಬೇಕು” ಅಂದರೆ ಈಗಲೇ ಫೋನ್ ಹಾಕಿ ಅಂತಾರೆ. ಪ್ರತಿ ಕಾರಣಕ್ಕೂ ಅವರಿಗೆ ಉತ್ತರ ಕಲಿಸಿ ಕಳಿಸಿರುತ್ತಾರೆ. ಬರೀ “ಬೇಡಪ್ಪ” ಅನ್ನೋದಕ್ಕೆ ಉತ್ತರ ಇರಲ್ಲ. ಫೋನಿಗೆ ಓಟಿಪಿ ಬಂದಿದೆ ಹೇಳಿ ಅಂದರೆ ಮಾತ್ರ ಅಲ್ಲಿಂದಲೇ ಒಳಗೆ ಹೋಗಿಬಿಡು ಅಂದೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ನಮಗೆ ಗೇಟಲ್ಲಿ ಸೆಕ್ಯೂರಿಟಿ ಇದ್ದಾರೆ, ಫೋನಲ್ಲೇ ಬೇಡ ಅಂದರೆ ಮುಗಿಯಿತು. ಊರಲ್ಲಿ ಸ್ವಂತ ಮನೆಯಲ್ಲಿ ಒಬ್ಬರೇ ಇರುವ ನಮ್ಮ ಅಪ್ಪ ಅಮ್ಮಂದಿರಿಗೆ ಅದಿಲ್ಲ. ಮುಂದಿನ ಸಲ ಹೋದಾಗ ದಯವಿಟ್ಟು ಹತ್ತು ನಿಮಿಷ ಇದನ್ನು ಮಾತಾಡಿ. ಆ ಉಪ್ಪಿನ ಪ್ರಯೋಗ ಹೇಳಿ. 1915 ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ.

ಮೊನ್ನೆ ಭಾನುವಾರ ಅಮ್ಮ ಫೋನ್ ಮಾಡಿದ್ದಳು. ಯಾರೋ ಇಂಡಕ್ಷನ್ ಸ್ಟವ್ ಮಾರೋಕೆ ಬಂದಿದ್ದರಂತೆ.

“ಬೇಡಪ್ಪ ಅಂದೆ ಕಣೇ. ಎರಡು ಸಲ ಅಂದೆ. ಹೋಗ್ಲಿ ಕುಡಿಯೋಕೆ ನೀರಾದ್ರೂ ಕೊಡಿ ಅಮ್ಮ ಅಂದ.”

“ಬಾಗಿಲು ತೆಗೆದ್ಯಾ?”

“ಇಲ್ಲ. ಚೊಂಬು ಗ್ರಿಲ್ ಸಂದೀಲಿ ತೂರ್ಲಿಲ್ಲ. ಲೋಟದಲ್ಲಿ ಬಗ್ಗಿಸಿ ಕೊಟ್ಟೆ. ಎರಡು ಲೋಟ ಕುಡಿದ, ಪಾಪ. ಬರ್ತೀನಮ್ಮ ಅಂತ ಹೋದ.”