ಹಾರಿದ್ದು ಒಂದು ಗಂಟೆ, ತೆವಳಿದ್ದು ಎರಡೂವರೆ

ದೇವನಹಳ್ಳಿ ಏರ್‌ಪೋರ್ಟ್ ಶುರುವಾಗಿದ್ದು 2008ರಲ್ಲಿ. ಆಮೇಲೆ ಎರಡನೇ ರನ್‌ವೇ ಬಂತು, 2022ರಲ್ಲಿ ಬಿದಿರು, ತೂಗುಗಿಡಗಳ ಎರಡನೇ ಟರ್ಮಿನಲ್ಲೂ ಉದ್ಘಾಟನೆಯಾಯ್ತು. ಚೆಂದ ಇದೆ, ಇಲ್ಲ ಅನ್ನಲ್ಲ. ಆದರೆ ತಲುಪೋದು ಹೆಂಗೆ ಸ್ವಾಮಿ? 2021ರಲ್ಲಿ ಒಂದು ರೈಲ್ವೆ ಹಾಲ್ಟ್ ಆಯ್ತು. ಅಲ್ಲಿಳಿದರೆ ಟರ್ಮಿನಲ್‌ಗೆ ಮತ್ತೆ ಬಸ್ಸೇ ಗತಿ. ರೈಲುಗಳೋ ಬೆರಳೆಣಿಕೆ.

ಮೊನ್ನೆ ಹುಬ್ಬಳ್ಳಿಗೆ ಸಂಜೆ ವಿಮಾನ. ಊಟ ಅರ್ಧಕ್ಕೇ ಬಿಟ್ಟು ಜಯನಗರದಿಂದ ಕ್ಯಾಬ್ ಹಿಡಿದೆ. ಹೆಬ್ಬಾಳದಲ್ಲೇ ಮುಕ್ಕಾಲು ಗಂಟೆ. ಪಕ್ಕದಲ್ಲಿ ಮೆಟ್ರೋ ಕಂಬಗಳು, ಮುಂದೆ ಒಂದು ಟೆಂಪೋ. ಅದರ ಹಿಂದೆ ಬರೆದಿದ್ದ 'ತಾಯಿಯ ಆಶೀರ್ವಾದ' ಓದೀ ಓದೀ ಬಾಯಿಪಾಠವಾಯ್ತು. ಮೀಟರ್ ನೋಡೋಕೆ ಧೈರ್ಯ ಬರಲಿಲ್ಲ.

ಹುಬ್ಬಳ್ಳಿಯಲ್ಲಿ ಅತ್ತೆ ಬಾಗಿಲು ತೆಗೆದವರೇ, "ಏನಪಾ, ಇಷ್ಟ್ ಲಗೂ ಬಂದಿ!" ಅಂದರು. ನಾನು ಸುಮ್ಮನೆ ನೀರು ಕೇಳಿದೆ.