ಒಳಗಿಂದ ಸುಧಾರಿಸ್ತೀವಿ, ಸ್ವಲ್ಪ ತಾಳ್ರಿ

ಮೊನ್ನೆ ಕೊಪ್ಪಳದಲ್ಲಿ ಇನ್ನೊಂದು ಭಾಷಣ ಕೇಳಿದೆ. ಹೆಗಲ ಮೇಲೆ ಹೊಸ ಶಾಲು, ಮುಂದೆ ನೀರಿನ ಬಾಟಲಿ. "ಧರ್ಮದಲ್ಲಿ ತಪ್ಪುಗಳಿವೆ, ಇಲ್ಲ ಅನ್ನಲ್ಲ. ಆದರೆ ಹೊರಗೆ ನಿಂತು ಬೈಯಬಾರದು. ಒಳಗಿದ್ದೇ ಸುಧಾರಿಸಬೇಕು, ನಿಧಾನಕ್ಕೆ." ಜೋರು ಚಪ್ಪಾಳೆ. ನಾನೂ ತಟ್ಟಿದೆ, ಊಟಕ್ಕೆ ಲೇಟಾಗಿತ್ತು.

ಹಾಗೆ ಒಳಗೆ ಹೋಗಿ ಸುಧಾರಿಸಿದವರು ನಮ್ಮ ಜಿಲ್ಲೆಯಲ್ಲಿ ಒಬ್ಬರಿದ್ದಾರೆ, ನೆನಪಿದೆಯಲ್ವಾ? 2021ರ ಸೆಪ್ಟೆಂಬರ್, ಕುಷ್ಟಗಿ ತಾಲ್ಲೂಕಿನ ಮಿಯಾಪುರ. ಹುಟ್ಟುಹಬ್ಬ ಅಂತ ಅಪ್ಪ ಮಗನನ್ನು ಆಂಜನೇಯನ ಗುಡಿಗೆ ಕರೆದುಕೊಂಡು ಹೋಗಿದ್ದರು, ದಲಿತರಾದ್ದರಿಂದ ಹೊರಗೇ ನಿಂತು ಕೈಮುಗಿಯುತ್ತಿದ್ದರು, ಅಷ್ಟರಲ್ಲಿ ಮಳೆ ಹನಿಯಿತು, ಹುಡುಗ ಒಳಗೆ ಓಡಿದ. ಸುಧಾರಕರ ವಯಸ್ಸು ಎರಡು ವರ್ಷ. ನಿಧಾನಕ್ಕೆ ಹೋಗಬೇಕು ಅಂತ ಪಾಪ ಯಾರೂ ಹೇಳಿಕೊಟ್ಟಿರಲಿಲ್ಲ. ಊರಿನ ಕೆಲವರು ಸಭೆ ಸೇರಿ, ಗುಡಿ ಶುದ್ಧಿಗೆ 25,000 ರೂಪಾಯಿ ಕಟ್ಟಿ ಅಂದರು.

ಈ 25,000ದ ಲೆಕ್ಕ ನನಗೆ ಇವತ್ತಿಗೂ ಬಗೆಹರಿದಿಲ್ಲ. ಯಾರೋ ಕೂತು ಕೊಟೇಶನ್ ಹಾಕಿರಬೇಕಲ್ವಾ? ಕೂಸಿನ ಹೆಜ್ಜೆ ಇಷ್ಟು, ಹೆಜ್ಜೆಗೆ ಗೋಮೂತ್ರ ಇಷ್ಟು, ಹೋಮಕ್ಕೆ ತುಪ್ಪ, ದಕ್ಷಿಣೆ, ಉಳಿದದ್ದರಲ್ಲಿ ಊಟ. ಒದ್ದೆ ಕಾಲಿಗೆ ರೇಟು ಜಾಸ್ತಿ ಇತ್ತಾ? ಅದೂ ಹನುಮಪ್ಪ ಹುಟ್ಟಿದ್ದು ನಮ್ಮ ಅಂಜನಾದ್ರಿಯಲ್ಲೇ ಅಂತ ಎದೆ ತಟ್ಟಿಕೊಳ್ಳುವ ಜಿಲ್ಲೆಯಲ್ಲಿ. ಆತ ಕೂಸಾಗಿದ್ದಾಗ ಹಣ್ಣು ಅಂತ ಸೂರ್ಯನ ಕಡೆಗೇ ಹಾರಿದವನು. ಆಗ ಸೂರ್ಯನ ಶುದ್ಧಿಗೆ ಅಂಜನಾದೇವಿ ಎಷ್ಟು ಕಟ್ಟಿದರೋ, ರಸೀದಿ ಸಿಕ್ಕರೆ ತೋರಿಸಿ.

ಸುದ್ದಿಯಾಯಿತು, ಐದು ಜನರನ್ನು ಪೊಲೀಸರು ಬಂಧಿಸಿದರು. ಆಗ ನಮ್ಮ ಸಜ್ಜನರೂ ಸ್ಟೇಟಸ್ ಹಾಕಿದರು: "ಇದು ನಿಜವಾದ ಧರ್ಮ ಅಲ್ಲ." ಒಪ್ಪಿದೆ ಸ್ವಾಮಿ. ಆದರೆ ನಿಜವಾದ ಧರ್ಮ ನಿಮ್ಮ ಫೋನಿನಲ್ಲಿದೆ, ಗುಡಿಯ ಬೀಗದ ಕೈ ಇನ್ನೊಬ್ಬರ ಉಡಿದಾರದಲ್ಲಿದೆ. ಆ ಇನ್ನೊಬ್ಬರಿಗೆ ಈ ಮಾತು ಹೇಳೋದು ಯಾವಾಗ? ಅವರೇನು ಪರಊರಿನವರಾ? ಮಾವ, ಬೀಗರು, ಪಂಚಾಯ್ತಿ ಎಲೆಕ್ಷನ್ನಿಗೆ ಬೇಕಾದವರು.

ಬರೀ ಇವರದ್ದೇ ಅಲ್ಲ ಬಿಡಿ. ಮುದಗಲ್ ಕಡೆ ಮೊಹರಂ ಅಂದರೆ ಹಿಂದೂ ಮುಸ್ಲಿಂ ಎಲ್ಲರ ಮನೆ ಹಬ್ಬ. ತಾತನ ಕಾಲದಿಂದ ಅಲಾಯಿ ದೇವರು, ಅಂದರೆ ಮೊಹರಂ ಪಂಜಾ, ಹೊತ್ತವರ ಮುಂದೆ ನಾಲ್ಕು ಪುಸ್ತಕ ಓದಿದ ಹುಡುಗ ಬಂದು "ಇದೆಲ್ಲ ಧರ್ಮಕ್ಕೆ ವಿರುದ್ಧ" ಅಂದರೆ, ಹಿರಿಯರು "ಹುಡುಗ ಓದಿದಾನೆ, ನಮಗೇನು ಗೊತ್ತು" ಅಂತ ಸುಮ್ನಾಗುತ್ತಾರೆ. ಗೊತ್ತಿರೋದು ಅವರಿಗೇ. ಜಗಳ ಯಾಕೆ ಅನ್ನೋದೂ ಅವರಿಗೇ ಗೊತ್ತು.

ಬಸವಣ್ಣನವರನ್ನು 2024ರಲ್ಲಿ ಸಾಂಸ್ಕೃತಿಕ ನಾಯಕ ಅಂತ ಘೋಷಿಸಿದ್ದೂ ಆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯ ತೀರ್ಪು ಬಂತು. ದಲಿತರ ಮೇಲೆ ಹಲ್ಲೆ, ಗುಡಿಸಲಿಗೆ ಬೆಂಕಿ, 98 ಜನರಿಗೆ ಜೀವಾವಧಿ. ಘಟನೆ ನಡೆದದ್ದು 2014ರಲ್ಲಿ. ಹತ್ತು ವರ್ಷ ಕೇಸು ನಡೆಸಿ ಹೇಳಬೇಕಾಗಿ ಬಂದದ್ದು ಏನು? ಕ್ಷೌರದಂಗಡಿಗೆ, ಹೋಟೆಲಿಗೆ ಬರುವ ದಲಿತರನ್ನು ಬರಗೊಡಿ ಅಂತ. ಇಲ್ಲಿ ಸುಧಾರಣೆ ಅಂತ ಏನಾದರೂ ಬಂದಿದ್ದರೆ ಅದು ಪೊಲೀಸ್ ಜೀಪಿನಲ್ಲಿ ಬಂದಿದೆ, ಹೊರಗಿಂದ.

ಎರಡು ವರ್ಷದ ಕೂಸು ರೀ ಅದು. ಮಳೆಗೆ ಓಡಿದ್ದು. ಇನ್ನೂ ಎಷ್ಟು ನಿಧಾನ ಬೇಕು ನಿಮಗೆ? ಶರಣರು ಹೇಳಿದ್ದು 12ನೇ ಶತಮಾನದಲ್ಲಿ, ಸಂವಿಧಾನ ಬಂದದ್ದು 1950ರಲ್ಲಿ. ಕೇಳಿ ಕೇಳಿ ಸಾಕಾಗಿದೆ.

ನೀವು ಒಳ್ಳೆಯವರು, ಅದರಲ್ಲಿ ಅನುಮಾನ ಇಲ್ಲ. ಜೀರ್ಣೋದ್ಧಾರದ ಕಲ್ಲಿನ ಮೇಲೆ ನಿಮ್ಮ ಹೆಸರಿದೆ, ಕಮಿಟಿಯವರು ಮೀಟಿಂಗಿಗೆ ನಿಮ್ಮನ್ನು ಕರೆದೇ ಕರೆಯುತ್ತಾರೆ. ಮುಂದಿನ ಸಲ ಮೈಕ್ ಸೆಟ್ಟು, ಶಾಮಿಯಾನದ ಚರ್ಚೆ ಮುಗಿದ ಮೇಲೆ, ಬಾಗಿಲೊಳಗೆ ಯಾರನ್ನು ಬಿಡ್ತೀರಿ ಅಂತ ಒಂದು ಮಾತು ಕೇಳಿ ನೋಡಿ. ಜಾತ್ರೆಯ ಬ್ಯಾನರಿನಲ್ಲಿ ನಿಮ್ಮ ಫೋಟೋ ಬರಲಿಕ್ಕಿಲ್ಲ, ಅಷ್ಟೇ ತಾನೆ?